ಫೋನಿನ ಈ ಕಡೆ ಕೂತವಳು

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. 2002ರಿಂದ ಇಲ್ಲಿಯವರೆಗೆ ಮಾಡಿದ್ದು ಒಂದೇ ಕೆಲಸ. ಕಂಪ್ಯೂಟರ್ ಕೆಟ್ಟಿದೆ, ಇಂಟರ್ನೆಟ್ ಬರ್ತಿಲ್ಲ, ಪಾಸ್‌ವರ್ಡ್ ಮರೆತುಹೋಗಿದೆ ಎಂದು ಫೋನ್ ಮಾಡುವವರ ಮಾತು ಕೇಳಿ ದಾರಿ ಹೇಳುವುದು. ಕಂಪನಿಗಳು ಬದಲಾದವು, ಮಾತಾಡುವ ಭಾಷೆ ಬದಲಾಯಿತು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂರುವುದು ಮಾತ್ರ ಬದಲಾಗಲಿಲ್ಲ. ಬೀಳ್ಕೊಡುಗೆ ದಿನ ಹೊಸಬರಿಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಹೊಸಬರು ಚುರುಕು, ಕೆಲಸ ತಾವೇ ಕಲಿಯುತ್ತಾರೆ. ನನಗೆ ಹೇಳಬೇಕಿರುವುದು ಫೋನ್ ಮಾಡುವವರಿಗೆ. ಇಷ್ಟು ವರ್ಷ ಅವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದೇನೆ. ಈಗ ನನ್ನದನ್ನು ಅವರು ಒಂದಿಷ್ಟು ಕೇಳಲಿ.

ನಾನು ಓದಿದ್ದು ಮಹಿಳಾ ಪಾಲಿಟೆಕ್ನಿಕ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮೊದಲ ಕೆಲಸ ಬೆಂಗಳೂರಿನ ಟಿ.ವಿ. ಜೋಡಿಸುವ ಕಾರ್ಖಾನೆಯಲ್ಲಿ, ಸೋಲ್ಡರಿಂಗ್ ಸಾಲಿನಲ್ಲಿ. ವಿದೇಶಿ ಕಂಪನಿಗಳ ಟಿ.ವಿ.ಗಳು ಬಂದ ಮೇಲೆ ಕಾರ್ಖಾನೆ ಸೊರಗಿತು. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಸಂಬಳ ತಡವಾಯಿತು, ಕೊನೆಗೆ ಗೇಟಿಗೆ ನೋಟಿಸ್ ಅಂಟಿಸಿದರು. ನನಗಾಗ ಮೂವತ್ನಾಲ್ಕು, ಮಗಳು ಎರಡನೇ ಕ್ಲಾಸು. ಬೆಂಗಳೂರಿನಲ್ಲಿ ಆಗ ಕಾಲ್ ಸೆಂಟರ್‌ಗಳ ಸುಗ್ಗಿ. ಇಂಟರ್‌ವ್ಯೂಗೆ ಹೋದಾಗ ಸಾಲಿನಲ್ಲಿದ್ದವರೆಲ್ಲ ಆಗತಾನೆ ಡಿಗ್ರಿ ಮುಗಿಸಿದ ಮಕ್ಕಳು. ನನ್ನನ್ನು ತೆಗೆದುಕೊಂಡದ್ದು ಇಂಗ್ಲಿಷ್ ನೋಡಿ ಅಲ್ಲ, ಮೋಡೆಮ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಾಗ ಪೇಪರ್ ತೆಗೆದು ಚಿತ್ರ ಬರೆದು ತೋರಿಸಿದ್ದಕ್ಕೆ.

ಅಮೆರಿಕದ ಒಂದು ಇಂಟರ್ನೆಟ್ ಕಂಪನಿಯ ಗ್ರಾಹಕರ ಕರೆಗಳು ನಮಗೆ ಬರುತ್ತಿದ್ದವು. ಅವರ ಹಗಲು ನಮ್ಮ ರಾತ್ರಿ. ಸಂಜೆ ಏಳಕ್ಕೆ ಮನೆ ಮುಂದೆ ಕಂಪನಿಯ ಕ್ವಾಲಿಸ್ ಗಾಡಿ ಬಂದು ಹಾರ್ನ್ ಮಾಡುವುದು, ಬೆಳಿಗ್ಗೆ ಆರಕ್ಕೆ ತಂದು ಬಿಡುವುದು. ರಾತ್ರಿ ಹೋಗಿ ಬೆಳಿಗ್ಗೆ ಬರುವ ಮದುವೆಯಾದ ಹೆಣ್ಣಿನ ಬಗ್ಗೆ ಬೀದಿ ಏನು ಮಾತಾಡುತ್ತದೋ ಅದನ್ನೆಲ್ಲ ಮಾತಾಡಿತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ; ಆ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಟ್ರೇನಿಂಗ್‌ನಲ್ಲಿ ಅಮೆರಿಕದವರ ಉಚ್ಚಾರಣೆ, ಅಲ್ಲಿಯ ಊರು, ಹವೆ, ಹಬ್ಬ ಎಲ್ಲ ಹೇಳಿಕೊಟ್ಟರು. ಫೋನಿನಲ್ಲಿ ಹೇಳಲು ಬೇರೆ ಹೆಸರು ಕೊಟ್ಟರು. ನನ್ನದು ಲಿಂಡಾ. ಬೈಗುಳ ಬಂದಾಗ ಏನು ಮಾಡಬೇಕೆಂದು ಹೇಳಿಕೊಟ್ಟದ್ದು ಒಂದೇ ವಾಕ್ಯ: ನಿಮಗಾದ ತೊಂದರೆ ನನಗೆ ಅರ್ಥವಾಗುತ್ತದೆ ಎನ್ನಿ.

ಆ ಕಡೆಯವರಿಗೆ ನಮ್ಮ ಕೋಣೆ ಕಾಣುವುದಿಲ್ಲ, ಅದಕ್ಕೆ ಒಂದಿಷ್ಟು ವಿವರ ಹೇಳಬೇಕು. ಕರೆಗಳನ್ನು ಹಂಚುವುದು ಯಂತ್ರ. ಒಂದು ಕರೆ ಮುಗಿದ ಕೂಡಲೇ ಕಿವಿಯಲ್ಲಿ ಬೀಪ್ ಎಂದು ಇನ್ನೊಂದು ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಎತ್ತುವುದು, ಬಿಡುವುದು ನಮ್ಮ ಕೈಲಿಲ್ಲ. ಪ್ರತಿ ಕರೆಗೂ ಸರಾಸರಿ ಇಷ್ಟು ನಿಮಿಷ ಎಂಬ ಲೆಕ್ಕ ಇರುತ್ತದೆ, ಅದನ್ನು ಮೀರಿದರೆ ತಿಂಗಳ ಕೊನೆಗೆ ಇನ್ಸೆಂಟಿವ್‌ಗೆ ಕತ್ತರಿ. ಬಾತ್‌ರೂಮಿಗೆ ಏಳುವುದಕ್ಕೂ ಫೋನಿನಲ್ಲಿ ಒಂದು ಬಟನ್ ಒತ್ತಿ ಹೋಗಬೇಕು, ಆ ನಿಮಿಷಗಳೂ ದಾಖಲಾಗುತ್ತವೆ. ಎಲ್ಲೋ ಕೂತು ಇನ್ನೊಬ್ಬರು ನಮ್ಮ ಕರೆಗಳನ್ನು ಕೇಳಿ ಅಂಕ ಹಾಕುತ್ತಾರೆ. ಏನು ಕೇಳಬೇಕು, ಯಾವುದಾದ ಮೇಲೆ ಯಾವುದು, ಎಲ್ಲ ಸ್ಕ್ರೀನಿನ ಮೇಲೆ ಇರುತ್ತದೆ. ಒಂದು ಹೆಜ್ಜೆಗೆ ಟಿಕ್ ಹಾಕದೆ ಮುಂದಿನ ಪುಟ ತೆರೆಯುವುದಿಲ್ಲ.

ಇದನ್ನು ಹೇಳಲು ಕಾರಣವಿದೆ. ನಾನು ಅತಿ ಹೆಚ್ಚು ಬೈಸಿಕೊಂಡಿರುವುದು ಒಂದು ಸಾದಾ ಮಾತಿಗೆ: "ಮೋಡೆಮ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ." ಅದನ್ನಾಗಲೇ ಮಾಡಿದ್ದೀನಿ, ನನ್ನನ್ನು ದಡ್ಡ ಅಂದ್ಕೊಂಡಿದ್ದೀಯಾ ಎಂದು ಶುರುವಾಗುತ್ತದೆ. ಮಾಡಿರುತ್ತಾರೆ, ನಿಜ. ಆದರೆ ಎಷ್ಟೋ ಜನ ಆಫ್ ಮಾಡಿ ತಕ್ಷಣ ಆನ್ ಮಾಡಿರುತ್ತಾರೆ. ಮೂವತ್ತು ಸೆಕೆಂಡ್ ಸುಮ್ಮನೆ ಇಟ್ಟದ್ದಲ್ಲ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿಯಬೇಕು, ಆ ಕಡೆ ಕಂಪನಿಯ ಉಪಕರಣ ಹಳೆಯ ಸಂಪರ್ಕವನ್ನು ಬಿಟ್ಟುಕೊಡಬೇಕು. ಇನ್ನು ಕೆಲವರು ಆಫ್ ಮಾಡಿರುವುದು ಮಾನಿಟರನ್ನು. ಅದನ್ನು ತಿಳಿಯುವುದಕ್ಕೆ ನಮಗೆ ಬೇರೆ ದಾರಿ ಇಲ್ಲ, ಕಣ್ಣಿಗೆ ಕಾಣುವುದಿಲ್ಲ, ಕೇಳಲೇಬೇಕು. ಮಾಡಿದ್ದೇನೆ ಎಂದರೂ ಇನ್ನೊಮ್ಮೆ ಮಾಡಿ ಎನ್ನುವುದು ನಿಮ್ಮನ್ನು ನಂಬದೆ ಅಲ್ಲ. ಆ ಹೆಜ್ಜೆ ದಾಟದೆ ಮೇಲಿನ ತಂತ್ರಜ್ಞರಿಗೆ ಕರೆ ವರ್ಗಾಯಿಸಲು ನಮಗೆ ಆಗುವುದಿಲ್ಲ. ನಿಮಗೆ ಬೇಕಿರುವುದೂ ಅದೇ ತಾನೇ?

ನನ್ನ ಕೆಲಸದಲ್ಲಿ ಮರೆಯಲಾಗದ ವಾರ 2003ರ ಆಗಸ್ಟ್‌ನದು. 11ನೇ ತಾರೀಖು ಬ್ಲಾಸ್ಟರ್ ಎಂಬ ವರ್ಮ್ ಹರಡಲು ಶುರುವಾಯಿತು. ಇಮೇಲ್ ತೆರೆಯಬೇಕಿಲ್ಲ, ಏನನ್ನೂ ಒತ್ತಬೇಕಿಲ್ಲ, ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್ ಇಂಟರ್ನೆಟ್‌ಗೆ ಸೇರಿದ್ದರೆ ಸಾಕು. ತೆರೆಯ ಮೇಲೆ ಒಂದು ಕಿಟಕಿ ಮೂಡಿ, ಅರವತ್ತು ಸೆಕೆಂಡಿನಲ್ಲಿ ಯಂತ್ರ ಮುಚ್ಚಿಕೊಳ್ಳುತ್ತದೆ, ಕೆಲಸ ಉಳಿಸಿಕೊಳ್ಳಿ ಎಂದು ತೋರಿಸಿ, ಅರವತ್ತು, ಐವತ್ತೊಂಬತ್ತು, ಐವತ್ತೆಂಟು ಎಂದು ಎಣಿಸುತ್ತ ಹೋಗುತ್ತಿತ್ತು. ಆ ತೂತು ಮುಚ್ಚುವ ಅಪ್‌ಡೇಟ್ ಜುಲೈ 16ರಂದೇ ಬಿಡುಗಡೆಯಾಗಿತ್ತು, ಆದರೆ ಮನೆಗಳಲ್ಲಿ ಅದನ್ನು ಹಾಕಿಕೊಂಡವರು ಕಡಿಮೆ. ಮರುದಿನ ರಾತ್ರಿ ನಾವು ಲಾಗಿನ್ ಆಗುವ ಹೊತ್ತಿಗೆ ಗೋಡೆಯ ಬೋರ್ಡಿನಲ್ಲಿ ಕಾಯುತ್ತಿರುವ ಕರೆಗಳ ಸಂಖ್ಯೆ ಕೆಂಪಾಗಿತ್ತು. ಬೆಳಗಿನವರೆಗೂ ಕೆಂಪಾಗೇ ಇತ್ತು.

ಕಾದು ಕಾದು ಬೇಸತ್ತ ಜನ. ಅವರ ಸಿಟ್ಟು ನನಗೆ ತಿಳಿಯುತ್ತದೆ. ಒಬ್ಬರ ಕರೆ ಮಾತ್ರ ಇಂದಿಗೂ ನೆನಪಿನಿಂದ ಹೋಗಿಲ್ಲ. ಅವರ ಮನೆಯಲ್ಲಿ ಡಿಎಸ್ಎಲ್ ಇತ್ತು, ಹಾಗಾಗಿ ಫೋನ್ ಹಿಡಿದಿದ್ದಾಗಲೂ ಕಂಪ್ಯೂಟರ್ ಇಂಟರ್ನೆಟ್‌ಗೆ ಸೇರಿಕೊಂಡೇ ಇತ್ತು. ಕರೆ ಕೂಡಿಕೊಂಡ ಹೊತ್ತಿಗೆ ಅವರ ತೆರೆಯ ಮೇಲೆ ಎಣಿಕೆ ಶುರುವಾಗಿದೆ. ನನಗೆ ಬೇಕಿದ್ದದ್ದು ಇಪ್ಪತ್ತು ಸೆಕೆಂಡ್. ಸ್ಟಾರ್ಟ್ ಒತ್ತಿ, ರನ್ ತೆಗೆಯಿರಿ, ಶಟ್‌ಡೌನ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಅಡ್ಡಗೆರೆ, ಅದರ ಪಕ್ಕ ಎ ಅಕ್ಷರ, ಎಂಟರ್. ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಮೋಡೆಮ್ ತಂತಿ ಕಿತ್ತಿಟ್ಟು ಫೈರ್‌ವಾಲ್ ಹಾಕಿಸಿ, ತಂತಿ ಸೇರಿಸಿ ಅಪ್‌ಡೇಟ್ ಇಳಿಸಿಕೊಳ್ಳಬಹುದು. "ಸರ್, ಮೊದಲು ಸ್ಟಾರ್ಟ್ ಒತ್ತಿ" ಎಂದೆ. ಅವರು "ನೀನು ಯಾವ ದೇಶದವಳು?" ಎಂದರು. "ಸರ್, ಎಣಿಕೆ ನಿಲ್ಲಿಸೋಣ, ಸ್ಟಾರ್ಟ್ ಒತ್ತಿ" ಎಂದೆ. ಅವರು ಬೈಯತೊಡಗಿದರು. ನನ್ನ ಬಣ್ಣ, ನನ್ನ ದೇಶ, ನಾನು ಹೆಣ್ಣಾಗಿರುವುದು, ಯಾವುದನ್ನೂ ಬಿಡಲಿಲ್ಲ. ಆ ಶಬ್ದಗಳನ್ನು ಇಲ್ಲಿ ಬರೆಯುವುದಿಲ್ಲ. ಅರವತ್ತು ಸೆಕೆಂಡ್ ಮುಗಿಯಿತು, ಯಂತ್ರ ಮುಚ್ಚಿಕೊಂಡಿತು. ಅದು ಮತ್ತೆ ಏಳುವವರೆಗೆ ಅವರು ಬೈದರು. ಎದ್ದು ಸ್ವಲ್ಪ ಹೊತ್ತಿಗೆ ಮತ್ತೆ ಎಣಿಕೆ ಶುರು. ಮತ್ತೆ ನಾನು ಸ್ಟಾರ್ಟ್ ಒತ್ತಿ ಎಂದೆ, ಮತ್ತೆ ಅದೇ ಆಯಿತು. ಕೊನೆಗೆ ಅಮೆರಿಕದವರನ್ನು ಕೊಡು ಎಂದರು. ನನ್ನ ಮುಂದೆ ಅಂಥ ಬಟನ್ ಇರಲಿಲ್ಲ. ಸೂಪರ್‌ವೈಸರ್ ಎಂದು ಕೊಡುತ್ತಿದ್ದದ್ದು ಪಕ್ಕದ ಸಾಲಿನಲ್ಲಿ ಕೂತ ಇಪ್ಪತ್ತನಾಲ್ಕರ ಹುಡುಗನನ್ನು, ಅವನಿಗೆ ಗೊತ್ತಿದ್ದದ್ದೂ ಅದೇ ಆರು ಹೆಜ್ಜೆ. ಅವರು ಫೋನ್ ಕುಕ್ಕಿದರು. ಯಂತ್ರ ಹಾಗೇ ಉಳಿಯಿತು.

ಅದೇ ರಾತ್ರಿ, ಸ್ವಲ್ಪ ಹೊತ್ತಿನ ನಂತರ ಒಬ್ಬ ವಯಸ್ಸಾದ ಹೆಂಗಸು ಲೈನಿಗೆ ಬಂದರು. ಅವರದು ಡಯಲ್-ಅಪ್. ಮನೆಗೆ ಒಂದೇ ಫೋನ್ ಲೈನು, ಫೋನ್ ಇಟ್ಟರೆ ಮಾತ್ರ ಇಂಟರ್ನೆಟ್. ನಾನು ಹೇಳುತ್ತ ಹೇಳುತ್ತ ಅವರು ಮಾಡುವಂತಿರಲಿಲ್ಲ. "ಪೆನ್ಸಿಲ್ ತಂದುಕೊಂಡಿದ್ದೀನಿ, ನಿಧಾನವಾಗಿ ಹೇಳು ಮಗು" ಎಂದರು. ಒಂದೊಂದು ಹೆಜ್ಜೆ ಹೇಳಿದೆ, ಬರೆದುಕೊಂಡು ತಿರುಗಿ ಓದಿ ಹೇಳಿದರು. ಫೈರ್‌ವಾಲ್ ಹಾಕಿದ ಮೇಲೇ ಇಂಟರ್ನೆಟ್‌ಗೆ ಸೇರಿ ಎಂಬುದನ್ನು ಅವರೇ ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡರು. ಎರಡು ದಿನ ಬಿಟ್ಟು ಅವರ ಖಾತೆ ತೆಗೆದು ನೋಡಿದೆ. ಮತ್ತೆ ಕರೆ ಮಾಡಿರಲಿಲ್ಲ. ಕಂಪ್ಯೂಟರ್ ಜ್ಞಾನ ಈ ಇಬ್ಬರಲ್ಲಿ ಯಾರಿಗೆ ಹೆಚ್ಚಿತ್ತು ಎಂದು ಕೇಳಿದರೆ ಆ ಗಂಡಸಿಗೇ ಹೆಚ್ಚಿತ್ತು ಎನ್ನುತ್ತೇನೆ.

ಆ ವಾರವೇ ನಮ್ಮಲ್ಲಿ ನಡುರಾತ್ರಿ ಕಳೆದು ಆಗಸ್ಟ್ 15 ಶುರುವಾದ ಮೇಲೆ ನ್ಯೂಯಾರ್ಕ್, ಒಹಾಯೊ, ಮಿಷಿಗನ್ ಕಡೆ ಕರೆಂಟೇ ಹೋಯಿತು. ಕೆನಡಾದ ಭಾಗವೂ ಸೇರಿ ಸುಮಾರು ಐದು ಕೋಟಿ ಜನ ಕತ್ತಲಲ್ಲಿದ್ದರು. ಆ ಕಡೆಯ ಕರೆಗಳು ನಿಂತು ನಮಗೆ ಉಸಿರಾಡಲು ಬಿಡುವು ಸಿಕ್ಕಿತು. ಇನ್ನೊಬ್ಬರ ಕಷ್ಟದಲ್ಲಿ ಸಿಕ್ಕ ಬಿಡುವು, ಸಂತೋಷಪಡಲು ಮನಸ್ಸು ಬರಲಿಲ್ಲ.

ಮರುವರ್ಷ ಅಮೆರಿಕದಲ್ಲಿ ಚುನಾವಣೆ. ಕೆಲಸಗಳು ಭಾರತಕ್ಕೆ ಹೋಗುತ್ತಿವೆ ಎಂಬುದು ಅಲ್ಲಿಯ ದೊಡ್ಡ ಮಾತಾಯಿತು. ಕಂಪ್ಯೂಟರ್ ಸರಿಯಿದ್ದವರೂ ಬೈಯುವುದಕ್ಕೆಂದೇ ಕರೆ ಮಾಡತೊಡಗಿದರು. ಆ ವರ್ಷದ ಕೊನೆಯಲ್ಲಿ ಫಿಲಡೆಲ್ಫಿಯಾದ ರೇಡಿಯೋ ನಿರೂಪಕನೊಬ್ಬ ಕೂದಲಿಗೆ ಹಾಕುವ ಮಣಿ ಬೇಕೆಂದು ಭಾರತದ ಕಾಲ್ ಸೆಂಟರ್‌ಗೆ ಫೋನ್ ಮಾಡಿ, ಎತ್ತಿದ ಹೆಣ್ಣುಮಗಳನ್ನು ಕಾರ್ಯಕ್ರಮದಲ್ಲೇ ಹೊಲಸು ಮಾತಿನಲ್ಲಿ ನಿಂದಿಸಿದ. ಪ್ರತಿಭಟನೆ ಎದ್ದ ಮೇಲೆ ಅವನನ್ನು ಅಮಾನತು ಮಾಡಿದರು. ಆ ಸುದ್ದಿ ಇಲ್ಲಿಯ ಪೇಪರ್‌ಗಳಲ್ಲೂ ಬಂತು. ಅದನ್ನು ಓದಿದವರು ಅಯ್ಯೋ ಎಂದರು. ನಮ್ಮ ಫ್ಲೋರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಹಾಗೆ ಬೈಸಿಕೊಳ್ಳುವುದು ನಮಗೆ ದಿನನಿತ್ಯದ್ದು.

ಕೆಲಸ ಕಳೆದುಕೊಂಡವರ ಕೋಪ ಬೇರೆ. ಒಬ್ಬರು, ತಾವು ಇಂಥದ್ದೇ ಸಪೋರ್ಟ್ ಕೆಲಸದಲ್ಲಿದ್ದದ್ದು, ಅದು ಹೋದದ್ದು, ಮನೆಯ ಸಾಲದ ಕಂತು ಕಟ್ಟಲಾಗದೆ ಇರುವುದು, ಎಲ್ಲ ಹೇಳಿ ಬೈದರು. ಕಾರ್ಖಾನೆ ಗೇಟಿನ ಮುಂದೆ ನೋಟಿಸ್ ಓದುತ್ತ ನಿಂತವಳು ನಾನೂ. ಅವರ ಮಾತಿಗೆ ನನ್ನ ಬಳಿ ಸಮಾಧಾನವಿತ್ತು, ಆದರೆ ಸ್ಕ್ರೀನಿನ ಮೇಲೆ ಅದಕ್ಕೆ ಜಾಗ ಇರಲಿಲ್ಲ. ನನ್ನ ಕೆಲಸವೂ ಒಮ್ಮೆ ಹೀಗೇ ಹೋಗಿತ್ತು ಸರ್ ಎಂದೆ. ಅವರು ಸುಮ್ಮನಾದರು. ನಂತರ ತಮ್ಮ ಇಮೇಲ್ ಯಾಕೆ ತೆರೆಯುತ್ತಿಲ್ಲ ಎಂದು ಕೇಳಿದರು, ಸರಿಮಾಡಿಕೊಟ್ಟೆ. ಆ ಕರೆಗೆ ನನಗೆ ಅಂಕ ಕಡಿಮೆ ಬಂತು, ಸ್ವಂತ ವಿಷಯ ಮಾತಾಡಿದ್ದಕ್ಕೆ.

ಕರೆ ಕತ್ತರಿಸುವ ಅಧಿಕಾರ ನಮಗಿರಲಿಲ್ಲ. ಎಷ್ಟು ಬೈದರೂ ಅವರೇ ಇಡಬೇಕು. ನಮ್ಮ ಸಾಲಿನಲ್ಲಿ ಹಾಸನದ ಕಡೆಯ ಹುಡುಗಿ ಒಬ್ಬಳಿದ್ದಳು. ಅವಳಿಗೆ ಒಬ್ಬ ಅಸಹ್ಯ ಮಾತಾಡುತ್ತ ಹೋದ. ಅವಳು ಮ್ಯೂಟ್ ಒತ್ತಿಕೊಂಡು ಅಳುತ್ತಿದ್ದಳು, ಮ್ಯೂಟ್ ಬಿಟ್ಟು "ನಾನಿನ್ನೇನು ಸಹಾಯ ಮಾಡಲಿ ಸರ್" ಎನ್ನುತ್ತಿದ್ದಳು, ಮತ್ತೆ ಮ್ಯೂಟ್ ಒತ್ತುತ್ತಿದ್ದಳು. ನಾನು ಎದ್ದು ಹೋಗಿ ಅವಳ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಟೀಮ್ ಲೀಡರ್ ಬಂದು ಮತ್ತೆ ಹಾಕಿಸಿದರು. ಅವರ ಮೇಲೂ ಯಾರೋ ಇದ್ದರು. ಮುಂದಿನ ತಿಂಗಳು ಆ ಹುಡುಗಿ ಕೆಲಸ ಬಿಟ್ಟಳು.

ದೇಹದಲ್ಲಿ ಮೊದಲು ಕೆಟ್ಟದ್ದು ಗಂಟಲು, ಆಮೇಲೆ ಹೊಟ್ಟೆ. ಎಡಗಿವಿಯಲ್ಲಿ ಕುಂಯ್ ಎನ್ನುವ ಸದ್ದು ಒಂದು ಸಲ ಹತ್ತಿಕೊಂಡದ್ದು ಈಗಲೂ ಬಿಟ್ಟಿಲ್ಲ. ಮನೆಯ ಫೋನ್ ರಿಂಗಾದರೆ ಎದೆ ಡವಡವ. ಮಗಳು ಆಟದಲ್ಲಿ ಜೋರಾಗಿ ಕೂಗಿದರೂ ಬೆನ್ನು ಬಿಗಿಯುತ್ತಿತ್ತು. ಇಡೀ ರಾತ್ರಿ ಮಾತಾಡಿ ಬಂದವಳಿಗೆ ಮನೆಯವರ ಜೊತೆ ಮಾತು ಬೇಡವಾಗುತ್ತಿತ್ತು. ನಮ್ಮತ್ತೆಗೆ ಇಂಗ್ಲಿಷ್ ಬಾರದು, ಕಂಪ್ಯೂಟರ್ ಹತ್ತಿರದಿಂದ ನೋಡಿದವರಲ್ಲ. ಬೆಳಿಗ್ಗೆ ಬಾಗಿಲು ತೆಗೆದು ನನ್ನ ಮುಖ ನೋಡಿದರೆ ಸಾಕು, "ಇವತ್ತೂ ಬೈದ್ರೇನಮ್ಮ? ಮುಖ ತೊಳ್ಕೊಂಡು ಬಾ, ಗಂಜಿ ಕುಡಿದು ಮಲಕ್ಕೋ" ಎನ್ನುತ್ತಿದ್ದರು. ಯಾರು, ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಮಗಳು ಎಂ.ಎಸ್.ಡಬ್ಲ್ಯು. ಓದುವಾಗ, ಆರ್ಲೀ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 1983ರಲ್ಲೇ ವಿಮಾನದ ಪರಿಚಾರಿಕೆಯರ ಕೆಲಸ ನೋಡಿ ಬರೆದ ಪುಸ್ತಕದ ಬಗ್ಗೆ ಹೇಳಿದಳು. ಒಳಗೊಂದು ಇಟ್ಟುಕೊಂಡು ಮುಖದಲ್ಲಿ, ದನಿಯಲ್ಲಿ ಇನ್ನೊಂದನ್ನು ತೋರಿಸುವುದೂ ಒಂದು ದುಡಿಮೆ, ಅದಕ್ಕೂ ದೇಹ ದಣಿಯುತ್ತದೆ ಎಂಬುದು ಅದರ ಸಾರ. ಸಂಬಳದ ಚೀಟಿಯಲ್ಲಿ ಆ ದುಡಿಮೆಗೆ ಕಾಲಂ ಇರಲಿಲ್ಲ.

2009ರಲ್ಲಿ ಹಗಲು ಪಾಳಿಯ ಕೆಲಸ ಸಿಕ್ಕಿತು. ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಕನ್ನಡದಲ್ಲೇ ಉತ್ತರ ಹೇಳುವುದು. ನನ್ನ ಹೆಸರನ್ನೇ ಹೇಳಬಹುದು. ನಮ್ಮ ಜನ, ನಮ್ಮ ಭಾಷೆ, ಇನ್ನು ನೆಮ್ಮದಿ ಎಂದುಕೊಂಡೆ. ಇಂಗ್ಲಿಷ್ ಬೈಗುಳ ಲಿಂಡಾಗೆ ಬೀಳುತ್ತಿತ್ತು, ಕನ್ನಡದ ಬೈಗುಳ ನೇರ ನನಗೇ ತಾಗಿತು. ಬೆಳಿಗ್ಗೆ ಒಂಬತ್ತಕ್ಕೇ "ಏಯ್" ಎಂದು ಶುರು ಮಾಡುವವರಿದ್ದರು. "ನಿಂಗೇನ್ ಗೊತ್ತು, ಅಲ್ಲಿ ಯಾರಾದ್ರೂ ಗಂಡಸರಿದ್ರೆ ಕೊಡು" ಎನ್ನುವವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ಪಕ್ಕದ ಹುಡುಗನಿಗೆ ಕೊಟ್ಟರೆ ಅವನು ಮ್ಯೂಟ್ ಒತ್ತಿ ನನ್ನನ್ನೇ ಕೇಳಿ ಹೇಳುತ್ತಿದ್ದ, ಆ ಕಡೆಯವರು "ನೋಡು, ಎಷ್ಟು ಚೆನ್ನಾಗಿ ಹೇಳ್ದೆ" ಎಂದು ಅವನನ್ನು ಹೊಗಳುತ್ತಿದ್ದರು.

ಜೋರು ಮಾಡುವವರಲ್ಲಿ ಒಂದು ಬಗೆಯವರನ್ನು ನಾನು ಬೇಗ ಗುರುತಿಸಲು ಕಲಿತೆ. ಅವರಿಗೆ ಕಂಪ್ಯೂಟರ್ ಬಗ್ಗೆ ಗೊತ್ತಿಲ್ಲ, ಗೊತ್ತಿಲ್ಲ ಎನ್ನಲು ಸಂಕೋಚ. ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು, ಮೇಷ್ಟ್ರು, ಅಧಿಕಾರಿಗಳು, ಅಂಗಡಿ ಇಟ್ಟವರು. ಬ್ರೌಸರ್ ತೆರೆಯಿರಿ ಎಂದರೆ ಬ್ರೌಸರ್ ಯಾವುದೆಂದು ಕೇಳಲಾರದೆ ಕೂಗಾಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಗೊತ್ತಿಲ್ಲ ಎಂದವರನ್ನು ನಾವು ಯಾವತ್ತೂ ಕೀಳಾಗಿ ಕಂಡಿಲ್ಲ. ಗೊತ್ತಿದ್ದಿದ್ದರೆ ನೀವು ಫೋನ್ ಮಾಡುತ್ತಲೇ ಇರಲಿಲ್ಲ, ನಮಗೆ ಕೆಲಸವೂ ಇರುತ್ತಿರಲಿಲ್ಲ. ನೀಲಿ ಬಣ್ಣದ ಗುಂಡಗಿನ ಚಿತ್ರ ಇದೆಯಲ್ಲಮ್ಮ, ಅದನ್ನಾ ಎಂದು ಕೇಳಿದರೆ ನಮಗೆ ಎಷ್ಟು ಹಗುರವಾಗುತ್ತದೆ ಗೊತ್ತೇ?

ಒಳ್ಳೆಯ ಕರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರ ಕರೆ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನಿಂದ ಸಿಡಿಲಿಗೆ ಸುಟ್ಟ ಮೋಡೆಮ್‌ಗಳ ಕರೆಗಳು ಬರುತ್ತಲೇ ಇರುತ್ತಿದ್ದವು. ತಾಮ್ರದ ತಂತಿಯ ಮೇಲೆ ಬಂದ ಸಿಡಿಲು ಮನೆಯೊಳಗಿನ ಪೆಟ್ಟಿಗೆಯನ್ನು ಸುಡುತ್ತದೆ. ಅವರು ಹೇಳಿದ್ದು ಹೀಗೆ: "ನಮಸ್ಕಾರ ಅಮ್ಮ. ನಿನ್ನೆ ಸಂಜೆ ಗುಡುಗು ಶುರುವಾದಾಗ ನಾವು ತೋಟದಲ್ಲಿದ್ವಿ, ವೈರ್ ತೆಗೆದಿಡೋಕಾಗ್ಲಿಲ್ಲ. ಆವಾಗಿಂದ ಮೊದಲ್ನೇ ದೀಪ ಹತ್ತುತ್ತೆ, ಎರಡನೇದು ಹತ್ತಲ್ಲ. ಫೋನ್ ಸರಿಯಾಗಿದೆ, ಗೊರಗೊರ ಶಬ್ದ ಇಲ್ಲ. ಪಕ್ಕದ ಮನೆ ಮೋಡೆಮ್ ತಂದು ನಮ್ಮ ಲೈನಿಗೆ ಹಾಕಿ ನೋಡ್ದೆ, ಅದ್ರಲ್ಲಿ ಎರಡನೇ ದೀಪ ಹತ್ತಿತು. ಇನ್ನು ನೀವು ಹೇಳ್ಬೇಕು." ಯಾವಾಗಿಂದ, ಅದಕ್ಕೆ ಮುಂಚೆ ಏನಾಯಿತು, ಈಗ ಏನು ಕಾಣುತ್ತಿದೆ, ತಾವೇನು ಮಾಡಿ ನೋಡಿದರು, ನಾಲ್ಕೂ ಬಂತು. ಲೈನ್ ಚೆನ್ನಾಗಿದೆ, ಮೋಡೆಮ್ ಹೋಗಿದೆ ಎಂದು ಅವರೇ ಪತ್ತೆ ಹಚ್ಚಿದ್ದರು, ಹಾಗೆಂದು ಹೇಳದೆ ನನಗೆ ಬಿಟ್ಟರು. ನಾನು ಬದಲಿ ಮೋಡೆಮ್‌ಗೆ ಬರೆದುಕೊಂಡೆ. ಬರಲು ನಾಲ್ಕೈದು ದಿನ ಆಗಬಹುದು ಎಂದಾಗ "ಅಷ್ಟು ದಿನವಾ" ಎಂದರು, ಅವರಿಗೆ ಬೇಸರವಾದದ್ದು ತಿಳಿಯಿತು. ಆದರೂ ಇಡುವ ಮುಂಚೆ "ಊಟ ಆಯ್ತೇನಮ್ಮ?" ಎಂದು ಕೇಳಿದರು. ಆಗ ಮಧ್ಯಾಹ್ನ ಮೂರು. ಆಗಿರಲಿಲ್ಲ.

ಮರ್ಯಾದೆಯಿಂದ ಮಾತಾಡಿ ಎಂದರೆ ಸಿಟ್ಟನ್ನು ನುಂಗಿಕೊಂಡು ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟ ಸೇವೆ ಸಿಗದಿದ್ದರೆ ದೂರು ಕೊಡಲೇಬೇಕು, ಗಟ್ಟಿಯಾಗಿ ಕೊಡಬೇಕು. ಆದರೆ ಆ ಗಟ್ಟಿತನ ಕೂಗುವುದರಲ್ಲಿಲ್ಲ, ಬರೆದಿಡುವುದರಲ್ಲಿದೆ. ಫೋನ್, ಇಂಟರ್ನೆಟ್ ಕಂಪನಿಗಳ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್ ಕೊಡಬೇಕು. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೆಲಸ ಆಗದಿದ್ದರೆ ಅದೇ ನಂಬರ್ ಹಿಡಿದು ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಬೇರೆ ವಸ್ತು, ಸೇವೆಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹೀಗೆ ಹೋದ ದೂರು ಕಂಪನಿಯ ಮೇಜಿಗೆ ಹೋಗಿ ಕೂರುತ್ತದೆ. ನನಗೆ ಬೈದದ್ದು ನನ್ನ ಕಿವಿಗೇ ನಿಂತುಹೋಗುತ್ತದೆ, ಅದನ್ನು ಮೇಲೆ ಸಾಗಿಸಲು ದಾರಿಯೇ ಇಲ್ಲ. ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕರೆ ಮುಗಿದ ಮೇಲೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಮೆಸೇಜ್ ಬರುತ್ತದಲ್ಲ, ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಆ ಅಂಕ ಬಿದ್ದದ್ದು ಫೋನ್ ಎತ್ತಿದವರ ಹೆಸರಿಗೆ. ಕೇಬಲ್ ಕಡಿದುಹೋದ ಸಿಟ್ಟಿಗೆ ನೀವು ಒಂದು ಒತ್ತಿದರೆ, ಕೇಬಲ್ ಕಡಿದದ್ದಕ್ಕೆ ಯಾವ ಸಂಬಂಧವೂ ಇಲ್ಲದ ಹುಡುಗಿಯ ಆ ತಿಂಗಳ ಇನ್ಸೆಂಟಿವ್ ಹೋಗುತ್ತದೆ. ಸೇವೆ ಕೆಟ್ಟದಾಗಿದ್ದರೆ ದೂರು ಬರೆಯಿರಿ, ಮಾತಾಡಿದವರು ಚೆನ್ನಾಗಿ ಮಾತಾಡಿದ್ದರೆ ಅವರಿಗೆ ಐದು ಒತ್ತಿ. ಎರಡನ್ನೂ ಮಾಡಬಹುದು.

ಕೊನೆಯ ಕೆಲಸ ಒಂದು ದೊಡ್ಡ ಕಂಪನಿಯ ಒಳಗಿನ ಹೆಲ್ಪ್‌ಡೆಸ್ಕ್‌ನಲ್ಲಿ. ಕರೆ ಮಾಡುವವರೆಲ್ಲ ಅದೇ ಕಂಪನಿಯ ನೌಕರರು, ಲಿಫ್ಟಿನಲ್ಲಿ ಎದುರಾಗುವವರು. 2020ರ ಲಾಕ್‌ಡೌನ್ ನಂತರ ಅರ್ಧ ಜನ ಊರುಗಳಿಂದಲೇ ಕೆಲಸ ಮಾಡುತ್ತಿದ್ದಾರೆ. 2024ರ ಜುಲೈ 19, ಶುಕ್ರವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಹೊತ್ತಿಗೆ ಒಂದು ಭದ್ರತಾ ತಂತ್ರಾಂಶದ ಕೆಟ್ಟ ಅಪ್‌ಡೇಟ್‌ನಿಂದ ಲ್ಯಾಪ್‌ಟಾಪ್‌ಗಳೆಲ್ಲ ಒಂದಾದ ಮೇಲೊಂದು ನೀಲಿ ತೆರೆ ತೋರಿಸತೊಡಗಿದವು. ಜಗತ್ತಿನಲ್ಲಿ ಸುಮಾರು 85 ಲಕ್ಷ ಯಂತ್ರಗಳು ಹೀಗೆ ನಿಂತವು, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಸರಿಪಡಿಸುವುದು ಕಷ್ಟವಲ್ಲ, ಆದರೆ ಒಂದೊಂದೇ ಯಂತ್ರ ಹಿಡಿದು ಮಾಡಬೇಕು. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು. ಅಲ್ಲಿಗೆ ಹೋಗಲು ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಕೀ ಬೇಕು, ಆರಾರು ಅಂಕಿಯ ಎಂಟು ಗುಂಪು. ಅದನ್ನು ನಾವು ಫೋನಿನಲ್ಲಿ ಓದಿ ಹೇಳಬೇಕು, ಅವರು ಒತ್ತಬೇಕು. ಒಂದು ಅಂಕಿ ತಪ್ಪಿದರೂ ತೆರೆಯುವುದಿಲ್ಲ.

ಧಾರವಾಡದಿಂದ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು "ಹೇಳ್ರಿ ಅಕ್ಕಾರ, ನಾ ಬರ್ಕೊಂತೀನಿ" ಎಂದಳು. ಒಂದೊಂದು ಗುಂಪು ಮುಗಿದಂತೆ ತಿರುಗಿ ಹೇಳಿದಳು. ಎಲ್ಲ ಸರಿಹೋದ ಮೇಲೆ "ಮುಂಜಾನಿಂದ ಚಾ ಆದ್ರೂ ಕುಡದೀರೋ ಇಲ್ಲೋ?" ಎಂದಳು. ನನ್ನ ಪಕ್ಕದಲ್ಲಿ ಕೂತಿದ್ದವನು ರಾಯಚೂರಿನ ಹುಡುಗ, ಸೇರಿ ಎರಡು ತಿಂಗಳಾಗಿತ್ತು. ಅವನಿಗೆ ಸಿಕ್ಕಿದ್ದು ಒಬ್ಬ ದೊಡ್ಡ ಹುದ್ದೆಯವರು. ಮೂರನೇ ಗುಂಪಿನ ನಡುವೆ ನಿಲ್ಲಿಸಿ, ಇದಕ್ಕೆಲ್ಲ ಯಾರು ಹೊಣೆ, ನಿನ್ನ ಮ್ಯಾನೇಜರ್ ಯಾರು, ನಿನ್ನನ್ನು ಇವತ್ತೇ ಮನೆಗೆ ಕಳಿಸ್ತೀನಿ ಎಂದರು. ಹುಡುಗನ ಕೈ ನಡುಗುತ್ತಿತ್ತು, ಎಲ್ಲಿಯವರೆಗೆ ಓದಿದ್ದೆ ಎಂಬುದೇ ತಪ್ಪಿಹೋಯಿತು. ನಾನು ಕರೆಯನ್ನು ನನ್ನ ಕಡೆ ತೆಗೆದುಕೊಂಡೆ. "ಸರ್, ಹೊಣೆ ಯಾರು ಅನ್ನೋದನ್ನ ಆಮೇಲೆ ಬರೆದು ಕೇಳಿ, ಉತ್ತರ ಕೊಡಿಸ್ತೀನಿ. ಈಗ ನಾನು ಆರು ಅಂಕಿ ಹೇಳ್ತೀನಿ, ನೀವು ತಿರುಗಿ ಹೇಳಿ" ಎಂದೆ. ನನ್ನ ವಯಸ್ಸು ದನಿಯಲ್ಲಿ ಕೇಳಿಸಿರಬೇಕು, ಹೇಳಿದರು. ಹುಡುಗ ಪ್ಯಾಂಟ್ರಿಯಲ್ಲಿ ನೀರು ಕುಡಿದು ಬಂದು ಮುಂದಿನ ಕರೆ ಎತ್ತಿದ. ಅವತ್ತು ರಾತ್ರಿ ಹತ್ತರವರೆಗೂ ಎತ್ತಿದ.

ಆ ಘಟನೆ ಆದ ಮೇಲೆ ನಾನು ಮ್ಯಾನೇಜ್‌ಮೆಂಟಿಗೆ ಒಂದು ಪತ್ರ ಬರೆದೆ. ಬೈಗುಳದ ವಿಷಯಕ್ಕೆ ಬೇರೆ ಕಡೆ ಕಾನೂನೇ ಇದೆ. ದಕ್ಷಿಣ ಕೊರಿಯಾ 2018ರಲ್ಲೇ ಕಾನೂನು ತಿದ್ದಿ, ಗ್ರಾಹಕರ ಬೈಗುಳದಿಂದ ನೌಕರರನ್ನು ಕಾಪಾಡುವುದು ಮಾಲೀಕರ ಹೊಣೆ ಎಂದಿದೆ. ಟೋಕಿಯೊ ನಗರದಲ್ಲಿ ಗ್ರಾಹಕರ ಕಿರುಕುಳ ತಡೆಯುವ ಕಾನೂನು 2025ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ದಂಡವಿಲ್ಲ, ಆದರೂ ತಪ್ಪು ತಪ್ಪು ಎಂದು ಬರೆದಿಟ್ಟಿದ್ದಾರೆ. ನಾನು ಕೇಳಿದ್ದು ಇಷ್ಟೇ: ಬೈಯುವವರಿಗೆ ಒಮ್ಮೆ ಎಚ್ಚರಿಕೆ ಹೇಳಿ, ಆಮೇಲೂ ಬೈದರೆ ಕರೆ ಕತ್ತರಿಸಲು ಅನುಮತಿ ಬೇಕು, ಕತ್ತರಿಸಿದ್ದಕ್ಕೆ ಅಂಕ ಕಳೆಯಬಾರದು. ಬಹಳ ದಿನ ಉತ್ತರ ಬರಲಿಲ್ಲ. ಮತ್ತೆ ಬರೆದೆ, ಟೋಕಿಯೊ ಸುದ್ದಿ ಪೇಪರಿನಲ್ಲಿ ಬಂದಾಗ ಕತ್ತರಿಸಿ ಜೊತೆಗಿಟ್ಟು ಇನ್ನೊಮ್ಮೆ ಬರೆದೆ. ಈ ವರ್ಷ ಒಪ್ಪಿದರು. ಈಗ ಹೊಸಬರ ಟ್ರೇನಿಂಗ್‌ನ ಮೊದಲ ದಿನವೇ ಅದನ್ನು ಓದಿ ಹೇಳುತ್ತಾರೆ.

ಕಳೆದ ವಾರ ಆ ನಿಯಮವನ್ನು ಮೊದಲು ಬಳಸಿದ್ದು ಅದೇ ರಾಯಚೂರಿನ ಹುಡುಗ. ಎಚ್ಚರಿಕೆ ಹೇಳುವಾಗ ನನ್ನ ಕಡೆ ನೋಡಿದ, ನಾನು ತಲೆಯಾಡಿಸಿದೆ, ಕತ್ತರಿಸಿದ. ಹತ್ತು ನಿಮಿಷ ಬಿಟ್ಟು ಅವರೇ ಮತ್ತೆ ಕರೆ ಮಾಡಿದರು, ಈ ಸಲ ಅದು ನನಗೆ ಬಂತು. "ಮೇಡಂ, ಪಾಸ್‌ವರ್ಡ್ ಲಾಕ್ ಆಗಿದೆ, ಒಂಬತ್ತು ಗಂಟೆಯಿಂದ ಹೀಗೇ ಇದೆ, ಮೂರು ಸಲ ತಪ್ಪು ಹಾಕಿದೆ" ಎಂದರು. ಗುರುತಿನ ಸಂಖ್ಯೆ ಕೇಳಿದೆ, ಹೇಳಿದರು. ನಾಲ್ಕು ನಿಮಿಷದಲ್ಲಿ ಲಾಗಿನ್ ಆದರು.